‘ಬಾಚಿ’ ಎಂಬ ಪದದ ಅರ್ಥವೇನು? ಅದು ಕೊಡಲಿಯ ಒಂದು ಬಗೆಯೇ, ಬೇರೆಯೇ ಹತ್ಯಾರೇ?

ಪ್ರಶ್ನೆ (ಹಾಸನ ಸೀಮೆಯ ಓದುಗ)

ಮಾನ್ಯರೇ,

ನಮ್ಮ ತಾತ ಎತ್ತಿನ ಗಾಡಿ, ನೇಗಿಲು, ಕುಂಟೆ, ನೊಗಗಳನ್ನು ಮಾಡಿಕೊಡುತ್ತಿದ್ದ ಬಡಗಿ. ಅವರು ತೀರಿಕೊಂಡ ಮೇಲೆ ಅಟ್ಟದಲ್ಲಿಯೇ ಉಳಿದಿದ್ದ ಹತ್ಯಾರುಗಳ ಪೆಟ್ಟಿಗೆಯನ್ನು ಈ ಬೇಸಿಗೆಯಲ್ಲಿ ಇಳಿಸಿದೆವು. ಊರಿನ ಶಾಲೆಯ ಒಂದು ಕೋಣೆಯಲ್ಲಿ ಹಳೆಯ ಕಸುಬುಗಳ ಸಾಮಾನುಗಳನ್ನು ಮಕ್ಕಳ ನೋಟಕ್ಕಾಗಿ ಇಡುವ ಯೋಚನೆ ನಡೆದಿದ್ದು, ಪ್ರತಿಯೊಂದು ವಸ್ತುವಿನ ಮುಂದೆ ಎರಡು ಮೂರು ಸಾಲಿನ ಚೀಟಿ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ. ಉಳಿ, ಕೊಡತಿ, ಗರಗಸ, ಬೈರಿಗೆ, ಉಜ್ಜುಗೊರಡು, ಮೂಲೆಮಟ್ಟ ಇವುಗಳ ಚೀಟಿಗಳು ತೊಂದರೆಯಿಲ್ಲದೆ ಮುಗಿದವು. ಬಾಚಿಯ ಬಳಿ ಬಂದಾಗ ನಿಂತುಬಿಟ್ಟೆ.

ನನ್ನ ಬಳಿಯಿರುವ ಕಿರುನಿಘಂಟಿನಲ್ಲಿ ಬಾಚಿ ಎಂದರೆ ‘ಒಂದು ಬಗೆಯ ಕೊಡಲಿ’ ಎಂದಷ್ಟೇ ಇದೆ. ಆದರೆ ಪೆಟ್ಟಿಗೆಯಲ್ಲಿ ಕೊಡಲಿಯೂ ಇದೆ, ಬಾಚಿಯೂ ಇದೆ, ಮತ್ತು ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದನ್ನು ಇನ್ನೊಂದರ ಬಗೆ ಎನ್ನಲು ಮನಸ್ಸು ಒಪ್ಪುವುದಿಲ್ಲ. ನೋಡಲು ಅದು ಕೊಡಲಿಗಿಂತ ಪುಟ್ಟ ಗುದ್ದಲಿಯನ್ನು ಹೋಲುತ್ತದೆ. ಶಾಲೆಯ ಶಿಕ್ಷಕರೊಬ್ಬರು ಈ ಪದವು ‘ತಲೆ ಬಾಚು’, ‘ಸಗಣಿ ಬಾಚು’ ಎನ್ನುವಲ್ಲಿರುವ ‘ಬಾಚು’ ಧಾತುವಿನಿಂದ ಬಂದಿರಬೇಕು, ಮರವನ್ನು ಬಾಚಿ ತೆಗೆಯುವುದರಿಂದ ಅದು ಬಾಚಿ ಎಂದರು. ಕೇಳಲು ಸರಿಯೆನಿಸಿತು. ಆದರೆ ಮಕ್ಕಳು ಓದುವ ಚೀಟಿಯಲ್ಲಿ ಊಹೆಯನ್ನು ನಿಜವೆಂದು ಬರೆಯಬಾರದಷ್ಟೆ.

ಬಾಚಿ ಎಂಬುದನ್ನು ಹೇಗೆ ನಿರೂಪಿಸಬೇಕು, ಆ ಪದದ ಮೂಲವೇನು, ಅದನ್ನು ವಾಕ್ಯದಲ್ಲಿ ಹೇಗೆ ಬಳಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿಕೊಡಬೇಕಾಗಿ ಕೋರುತ್ತೇನೆ.

ಉತ್ತರ (ಕೈಗಾರಿಕಾ ತರಬೇತಿ ಸಂಸ್ಥೆಯ ನಿವೃತ್ತ ಮರಗೆಲಸ ಬೋಧಕ)

ತಮ್ಮ ಕಣ್ಣಿಗೆ ಅದು ಪುಟ್ಟ ಗುದ್ದಲಿಯಂತೆ ಕಂಡದ್ದೇ ಸರಿಯಾದ ನೋಟ. ನಿಘಂಟಿನ ಆ ಅರ್ಥವನ್ನು ಚೀಟಿಗೆ ಇಳಿಸಬೇಡಿ.

ಕೊಡಲಿಯ ಬಾಯಿ, ಅಂದರೆ ಅಲಗಿನ ಹರಿತವಾದ ಅಂಚು, ಕಾವಿನ, ಅಂದರೆ ಮರದ ಹಿಡಿಯ, ನೇರಕ್ಕೆ ಇರುತ್ತದೆ. ಕಾವನ್ನು ಹಿಡಿದು ಕಣ್ಣಿನ ಎದುರಿಗೆ ನೇರವಾಗಿ ಚಾಚಿದರೆ ಕೊಡಲಿಯ ಬಾಯಿ ಮೇಲಿನಿಂದ ಕೆಳಕ್ಕೆ ಒಂದು ಗೆರೆಯಾಗಿ ಕಾಣುತ್ತದೆ. ಬಾಚಿಯ ಬಾಯಿಯಾದರೋ ಕಾವಿಗೆ ಅಡ್ಡವಾಗಿ, ಎಡದಿಂದ ಬಲಕ್ಕೆ ಮಲಗಿರುತ್ತದೆ, ಗುದ್ದಲಿಯಲ್ಲಿ ಇರುವ ಹಾಗೆಯೇ. ಈ ಒಂದು ವ್ಯತ್ಯಾಸದಿಂದ ಎರಡರ ಕೆಲಸವೇ ಬೇರೆಯಾಗಿಬಿಡುತ್ತದೆ. ಕೊಡಲಿ ಮರವನ್ನು ಕಡಿಯುತ್ತದೆ, ಸೀಳುತ್ತದೆ. ಬಾಚಿ ಮರದ ಮೈಯನ್ನು ಕೆತ್ತುತ್ತದೆ. ಮರ ಉರುಳಿಸುವುದಕ್ಕೆ ಯಾರೂ ಬಾಚಿಯನ್ನು ಒಯ್ಯುವುದಿಲ್ಲ, ಉರುಳಿದ ಮರದ ದುಂಡು ಮೈಯನ್ನು ಚಪ್ಪಟೆ ಮಾಡುವುದಕ್ಕೆ ಅಥವಾ ನೊಗದ ಬಾಗನ್ನು ತಿದ್ದುವುದಕ್ಕೆ ಕೊಡಲಿಯನ್ನೇ ನೆಚ್ಚಿ ಕೂಡುವುದೂ ಇಲ್ಲ.

ಎರಡನೆಯ ಗುರುತು ಬಾಯಿಯ ಓರೆಯಲ್ಲಿ, ಅಂದರೆ ಮಸೆದ ಇಳಿಜಾರಿನಲ್ಲಿ, ಇದೆ. ಕೊಡಲಿಯ ಬಾಯನ್ನು ಸಾಮಾನ್ಯವಾಗಿ ಎರಡೂ ಮಗ್ಗುಲಿನಿಂದ ಮಸೆದಿರುತ್ತಾರೆ. ಬಾಚಿಯನ್ನು ಮಸೆಯುವುದು ಒಂದೇ ಮಗ್ಗುಲಿನಿಂದ, ಅದೂ ಒಳಮಗ್ಗುಲಿನಿಂದ, ಅಂದರೆ ಕಾವಿನತ್ತ ಮುಖ ಮಾಡಿರುವ ಕಡೆಯಿಂದ. ಇದಕ್ಕೆ ಕಾರಣವಿದೆ. ಬಾಚಿ ಬೀಸಿದಾಗ ಅಲಗು ಕೆಲಸಗಾರನ ಕಡೆಗೆ ಬರುತ್ತದೆ. ಆಗ ಅಲಗಿನ ಹೊರಮೈ ಕೆತ್ತಿದ ಮರದ ಮೇಲೆ ಜಾರುತ್ತ ಬರಬೇಕು, ಏಳುವ ಚಕ್ಕೆ ಒಳಮೈಯ ಓರೆಯನ್ನು ಹತ್ತಿ ಮೇಲಕ್ಕೆ ಸಿಡಿಯಬೇಕು. ಹೊರಮಗ್ಗುಲಿಗೂ ಓರೆ ಕೊಟ್ಟರೆ ಅಲಗು ಮರದ ಮೇಲೆ ಸಮವಾಗಿ ಕೂರದೆ ಜಿಗಿಯುತ್ತದೆ, ಇಲ್ಲವೇ ಆಳಕ್ಕೆ ಕಚ್ಚಿಕೊಳ್ಳುತ್ತದೆ. ತರಬೇತಿಗೆ ಬರುತ್ತಿದ್ದ ಹುಡುಗರಲ್ಲಿ ಅನೇಕರು ಮೊದಲ ವಾರದಲ್ಲಿಯೇ ಹೊರಮಗ್ಗುಲನ್ನು ಮಸೆದು ಬಾಚಿಯನ್ನು ಕೆಡಿಸುತ್ತಿದ್ದರು. ಅದನ್ನು ಮತ್ತೆ ಹದಕ್ಕೆ ತರಲು ಕುಲುಮೆಗೇ ಕಳಿಸಬೇಕಾಗುತ್ತಿತ್ತು.

ತಮ್ಮ ತಾತನವರ ಬಾಚಿಯ ಕಾವು ಗಿಡ್ಡದಾಗಿದ್ದು, ಅಲಗಿನ ಹಿಂಬದಿ ಸುತ್ತಿಗೆಯ ಮುಖದಂತೆ ಚಪ್ಪಟೆಯಾಗಿರಬಹುದು, ನೋಡಿ. ನಮ್ಮ ದೇಶದ ಬಡಗಿಗಳು ಹೆಚ್ಚಾಗಿ ಬಳಸುವುದು ಅಂತಹ ಒಂದು ಕೈ ಬಾಚಿಯನ್ನೇ. ಬಡಗಿ ನೆಲದ ಮೇಲೆ ಕುಳಿತು, ಮರದ ತುಂಡನ್ನು ಕಾಲಿನಿಂದ ಅದುಮಿ ಹಿಡಿದು, ಒಂದು ಕೈಯಲ್ಲಿ ಬಾಚಿ ಆಡಿಸುತ್ತಾನೆ. ಹಿಂಬದಿಯಿಂದ ಮೊಳೆ ಹೊಡೆಯುವುದು, ಬೆಣೆ ಬಡಿಯುವುದು ನಡೆಯುತ್ತದೆ. ಪಶ್ಚಿಮದ ದೇಶಗಳಲ್ಲಿ ಮನೆಯ ತೊಲೆಗಳಿಗೂ ಹಡಗುಗಳಿಗೂ ಬಳಸುತ್ತಿದ್ದ, ಇಂಗ್ಲಿಷಿನಲ್ಲಿ ಆಡ್ಜ್ ಎನ್ನುವ ಉದ್ದ ಕಾವಿನ ಬಾಚಿಯನ್ನು ನಿಂತುಕೊಂಡು ಎರಡೂ ಕೈಗಳಿಂದ ಬೀಸುತ್ತಾರೆ. ಅದರಲ್ಲಿ ಕಾವು ತೂರಿಸುವ ತೂತು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾಗಿದ್ದು, ಪಿಕಾಸಿಯಲ್ಲಿ ಮಾಡುವಂತೆ ಕಾವನ್ನು ಮೇಲಿನಿಂದ ತೂರಿಸುತ್ತಾರೆ. ಬೀಸಿದಷ್ಟೂ ಅಲಗು ಬಿಗಿಯಾಗುತ್ತದೆ, ಬೇಕೆಂದಾಗ ಕಾವಿನಿಂದ ಕಳಚಿಕೊಳ್ಳುತ್ತದೆ. ಕಳಚಬೇಕಾಗುವುದೇಕೆಂದರೆ, ಓರೆ ಒಳಮಗ್ಗುಲಿಗಿರುವುದರಿಂದ ಕಾವು ಇದ್ದರೆ ತಿರುಗುವ ಸಾಣೆಕಲ್ಲಿಗೆ ಅದನ್ನು ಒಡ್ಡಲು ಆಗುವುದಿಲ್ಲ.

ಕೆತ್ತುವ ಕ್ರಮವನ್ನೂ ಚೀಟಿಯಲ್ಲಿ ಒಂದು ಮಾತಿನಲ್ಲಿ ಹೇಳಿದರೆ ಮಕ್ಕಳಿಗೆ ಹತ್ಯಾರು ಕಣ್ಣಿಗೆ ಕಟ್ಟುತ್ತದೆ. ಮೊದಲು ಬಣ್ಣ ಹಚ್ಚಿದ ದಾರವನ್ನು ಬಿಗಿಯಾಗಿ ಹಿಡಿದು ಮಿಡಿದು ಮರದ ಮೇಲೆ ಗೆರೆ ಬೀಳಿಸುತ್ತಾರೆ. ಆಮೇಲೆ ಗೆರೆಯ ಆಳದವರೆಗೆ ಅಷ್ಟಷ್ಟು ದೂರಕ್ಕೆ ಅಡ್ಡ ಕಚ್ಚುಗಳನ್ನು ಹಾಕಿ, ಕೊನೆಗೆ ಎರಡು ಕಚ್ಚುಗಳ ನಡುವಿನ ಮರವನ್ನು ಬಾಚಿಯಿಂದ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತಾರೆ. ಅಡ್ಡ ಕಚ್ಚುಗಳಿಲ್ಲದೆ ಕೆತ್ತಲು ಹೋದರೆ ಮರದ ಎಳೆ ಎಲ್ಲಿಗೆ ಓಡುತ್ತದೋ ಚಕ್ಕೆಯೂ ಅಲ್ಲಿಗೇ ಸೀಳುತ್ತ ಹೋಗುತ್ತದೆ. ಹಳೆಯ ಮನೆಗಳ ತೊಲೆಗಳ ಮೇಲೆ ಮೀನಿನ ಪೊರೆಯಂತೆ ಕಾಣುವ ಸಣ್ಣ ಸಣ್ಣ ತಗ್ಗುಗಳು ಇರುತ್ತವಲ್ಲ, ಅವು ಉಜ್ಜುಗೊರಡು ಹಾಯಿಸದೆ ಬಿಟ್ಟ ಬಾಚಿಯ ಗುರುತುಗಳು.

ಉತ್ತರ (ಕನ್ನಡ ಅಧ್ಯಾಪಕಿ, ಧಾರವಾಡ)

ಹತ್ಯಾರಿನ ವಿವರವನ್ನು ಮೇಲಿನವರು ಪೂರ್ಣವಾಗಿ ಕೊಟ್ಟಿರುವುದರಿಂದ ನಾನು ಪದದ ಕಡೆಗೆ ಬರುತ್ತೇನೆ.

‘ಬಾಚು’ ಧಾತುವಿನಿಂದ ‘ಬಾಚಿ’ ಬಂದಿತೆಂಬ ಮಾತನ್ನು ನಾನೂ ಅನೇಕ ಬಾರಿ ಕೇಳಿದ್ದೇನೆ. ಅಲಗು ಕೆಲಸಗಾರನ ಕಡೆಗೆ ಬರುತ್ತದೆ, ಬಾಚುವಾಗಲೂ ಕೈ ನಮ್ಮ ಕಡೆಗೇ ಬರುತ್ತದೆ; ಈ ಹೋಲಿಕೆಯೇ ಆ ಊಹೆಗೆ ಎಡೆ ಮಾಡಿಕೊಟ್ಟಿದೆ. ಆದರೂ ಅದು ನಿಲ್ಲುವುದಿಲ್ಲ. ಇದೇ ಹತ್ಯಾರಿಗೆ ಸಂಸ್ಕೃತದಲ್ಲಿ ‘ವಾಶೀ’ ಅಥವಾ ‘ವಾಸೀ’, ಪಾಳಿಯಲ್ಲಿ ‘ವಾಸಿ’, ತಮಿಳಿನಲ್ಲಿ ‘ವಾಚ್ಚಿ’ ಮತ್ತು ‘ವಾಯ್ಚ್ಚಿ’, ಮಲಯಾಳದಲ್ಲಿ ‘ವಾಚ್ಚಿ’, ಹಿಂದಿಯಲ್ಲಿ ‘ಬಸೂಲಾ’ ಎಂದು ಹೆಸರುಗಳಿವೆ. ಇಷ್ಟು ಭಾಷೆಗಳಲ್ಲಿ ಒಂದೇ ಹತ್ಯಾರಿಗೆ ಒಂದೇ ಎಳೆಯ ಹೆಸರು ಹರಡಿಕೊಂಡಿರುವಾಗ, ಕನ್ನಡದ ರೂಪವೊಂದನ್ನು ಮಾತ್ರ ತಲೆ ಬಾಚುವ ಕ್ರಿಯೆಗೆ ಕಟ್ಟಿಹಾಕುವುದು ಸರಿಯಲ್ಲ. ‘ಬಾಚು’ ಧಾತುವಿನಿಂದ ಹುಟ್ಟಿದ ಸಾಧನದ ಹೆಸರು ನಮ್ಮಲ್ಲಿ ಬೇರೆಯೇ ಇದೆ, ಅದು ಬಾಚಣಿಗೆ.

ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗುವುದು ನಮಗೆ ಚೆನ್ನಾಗಿ ಗೊತ್ತಿರುವ ಸಂಗತಿ. ವನ ಬನವಾಯಿತು, ವರ್ಣ ಬಣ್ಣವಾಯಿತು, ವಸತಿ ಬಸದಿಯಾಯಿತು, ವ್ಯವಸಾಯ ಬೇಸಾಯವಾಯಿತು. ಸಕಾರ ಚಕಾರವಾಗುವುದಕ್ಕೆ ಕಾಂಸ್ಯದಿಂದ ಕಂಚು, ಹಂಸದಿಂದ ಅಂಚೆ ಎಂಬ ಉದಾಹರಣೆಗಳಿವೆ, ಆದರೆ ಆ ಎರಡರಲ್ಲಿಯೂ ಹಿಂದೆ ಅನುಸ್ವಾರವಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಹಾಗಾಗಿ ನಾನು ವಾಸಿಯಿಂದ ಬಾಚಿ ಎಂಬ ತದ್ಭವದ ದಾರಿಯನ್ನೇ ಹಿಡಿಯುತ್ತೇನಾದರೂ, ತಮಿಳಿನ ‘ವಾಯ್ಚ್ಚಿ’ಯನ್ನು ಕಂಡು ಇದಕ್ಕೆ ‘ವಾಯ್’, ಅಂದರೆ ನಮ್ಮ ‘ಬಾಯಿ’, ಮೂಲವಾಗಿರಬಹುದೇ ಎಂದು ಕೇಳುವವರನ್ನು ಥಟ್ಟನೆ ತಳ್ಳಿಹಾಕುವುದಿಲ್ಲ. ಹತ್ಯಾರಿನ ಅಲಗಿನ ಅಂಚನ್ನು ನಾವೂ ಬಾಯಿ ಎಂದೇ ಕರೆಯುತ್ತೇವೆ.

ಹೆಸರು ಎಷ್ಟು ಹಳೆಯದೆಂಬುದಕ್ಕೆ ಒಂದು ಮಾತು. ಋಗ್ವೇದದ 8ನೆಯ ಮಂಡಲದ 29ನೆಯ ಸೂಕ್ತವು ದೇವತೆಗಳ ಹೆಸರನ್ನು ಹೇಳದೆ ಗುರುತುಗಳನ್ನು ಮಾತ್ರ ಹೇಳುವ ಒಗಟಿನಂತಹ ಸೂಕ್ತ. ಅದರಲ್ಲಿ ಒಬ್ಬನು ಲೋಹದ ವಾಶಿಯನ್ನು ಕೈಯಲ್ಲಿ ಹಿಡಿದಿದ್ದಾನೆ ಎಂದಿದೆ. ಅವನು ದೇವತೆಗಳ ಕುಶಲಕರ್ಮಿಯಾದ ತ್ವಷ್ಟೃ ಎಂದು ಅರ್ಥ ಮಾಡುತ್ತಾರೆ. ಬುದ್ಧನ ಉಪದೇಶಗಳ ಸಂಗ್ರಹವಾದ ಪಾಳಿಯ ಸಂಯುತ್ತ ನಿಕಾಯದಲ್ಲಿ ಇದಕ್ಕಿಂತಲೂ ನಮ್ಮ ಪ್ರಶ್ನೆಗೆ ಹತ್ತಿರವಾದ ಒಂದು ಮಾತು ಬರುತ್ತದೆ. ಬಡಗಿಯು ತನ್ನ ವಾಸಿಯ ಕಾವಿನ ಮೇಲೆ ಬೆರಳುಗಳ ಗುರುತನ್ನೂ ಹೆಬ್ಬೆರಳಿನ ಗುರುತನ್ನೂ ಕಾಣುತ್ತಾನೆ. ಇಂದು ಇಷ್ಟು ಸವೆಯಿತು, ನಿನ್ನೆ ಇಷ್ಟು ಸವೆಯಿತು ಎಂದು ಅವನಿಗೆ ತಿಳಿಯುವುದಿಲ್ಲ, ಆದರೆ ಸವೆದಾಗ ಸವೆದಿದೆಯೆಂದು ತಿಳಿಯುತ್ತದೆ. ಸಾಧನೆಯಲ್ಲಿ ತೊಡಗಿದವನ ಕಲ್ಮಷಗಳು ಸವೆಯುವುದೂ ಹಾಗೆಯೇ ಎಂದು ಬುದ್ಧನು ಭಿಕ್ಷುಗಳಿಗೆ ಹೇಳುತ್ತಾನೆ.

ಕನ್ನಡ ನಾಡಿನಲ್ಲಿ 12ನೆಯ ಶತಮಾನದ ಶರಣರ ನಡುವೆ ಬಾಚಿಕಾಯಕದ ಬಸವಯ್ಯ ಎಂಬ ವಚನಕಾರರಿದ್ದರು. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ ಎನ್ನುವಂತೆ ಇಲ್ಲಿಯೂ ಕಾಯಕವೇ ಹೆಸರಾಗಿ ನಿಂತಿದೆ. ಆದರೆ ಇಲ್ಲಿ ಬಡಗಿ ಎಂಬ ಕಸುಬಿನ ಹೆಸರಿಗೆ ಬದಲಾಗಿ ಅವರ ಕೈಯಲ್ಲಿದ್ದ ಹತ್ಯಾರು ಬಂದಿರುವುದನ್ನು ಗಮನಿಸಬೇಕು. ಬಾಚಿ ಎಂದೊಡನೆ ಬಡಗಿಯ ಇಡೀ ಕೆಲಸ ಕೇಳಿದವರ ಮನಸ್ಸಿಗೆ ಬರುತ್ತಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಬಾಚರಸ, ಬಾಚಿರಾಜ ಮುಂತಾದ ಹಳೆಯ ಹೆಸರುಗಳನ್ನಾಗಲಿ, ಹೊಯ್ಸಳರ ಕಾಲದ ಗರುಡರ (ದೊರೆಯೊಡನೆ ಪ್ರಾಣ ಬಿಡುವ ಪಣ ತೊಟ್ಟ ವೀರರ) ಸ್ಮಾರಕ ಕಂಬಗಳಿರುವ ಅಗ್ರಹಾರಬಾಚಹಳ್ಳಿಯಂತಹ ಊರ ಹೆಸರನ್ನಾಗಲಿ ಕಂಡು, ಅಲ್ಲೆಲ್ಲ ಬಡಗಿಗಳಿದ್ದರೆಂದು ತೀರ್ಮಾನಿಸಬಾರದು.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಉತ್ತರ ಓದಿದ ಕೂಡಲೇ ಬಾಚಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಓರೆ ಒಳಮಗ್ಗುಲಿಗೇ ಇದೆ, ಹಿಂಬದಿ ಸುತ್ತಿಗೆಯಂತೆಯೇ ಇದ್ದು ಮೊಳೆಯ ಪೆಟ್ಟುಗಳಿಂದ ಅಂಚು ಮಡಿಸಿಕೊಂಡಿದೆ. ಕಾವಿನಲ್ಲಿ ಹೆಬ್ಬೆರಳು ಕೂರುವ ಜಾಗ ನಿಜಕ್ಕೂ ತಗ್ಗಾಗಿದೆ. ತಾತ ಎಡಗೈಯವರು. ಆ ತಗ್ಗು ಎಡಗೈಯಲ್ಲಿ ಹಿಡಿದಾಗ ಮಾತ್ರ ಬೆರಳಿಗೆ ಹೊಂದುತ್ತದೆ. ನಾನು ಇಷ್ಟು ದಿನ ಅದನ್ನು ಬಲಗೈಯಲ್ಲಿಯೇ ಹಿಡಿದು ನೋಡುತ್ತಿದ್ದುದರಿಂದ ಗಮನಕ್ಕೆ ಬಂದಿರಲಿಲ್ಲ.

ಇನ್ನೆರಡು ಸಂದೇಹಗಳಿವೆ. ಮೊದಲನೆಯದು, ಪಾಠಪುಸ್ತಕದಲ್ಲಿ ಬರುವ ‘ಬಾಚಿಹಲ್ಲು’ ಎಂಬುದಕ್ಕೂ ಈ ಬಾಚಿಗೂ ನಂಟಿದೆಯೇ? ಚೀಟಿ ಓದುವ ಮಕ್ಕಳು ಇದನ್ನು ಖಂಡಿತ ಕೇಳುತ್ತಾರೆ. ಎರಡನೆಯದು, ‘ಬಾಚಿ’ಯೊಂದಿಗೆ ಯಾವ ಕ್ರಿಯಾಪದ ಬಳಸಬೇಕು? ‘ತಾತ ಮರವನ್ನು ಬಾಚಿ ತೆಗೆದರು’ ಎಂದು ಬರೆದು ಓದಿ ನೋಡಿದರೆ ಹತ್ಯಾರು ಮಾಯವಾಗಿ ‘ಬಾಚು’ ಕ್ರಿಯೆಯೊಂದೇ ಉಳಿಯುತ್ತದೆ.

ಉತ್ತರ (ಕನ್ನಡ ಅಧ್ಯಾಪಕಿ, ಧಾರವಾಡ)

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ‘ಬಾಚು’ ಧಾತುವಿನ ಪೂರ್ವಕಾಲದ ಕೃದಂತವೂ ‘ಬಾಚಿ’ ಎಂದೇ ಆಗುವುದರಿಂದ, ಹತ್ಯಾರಿನ ಹೆಸರನ್ನು ವಿಭಕ್ತಿಯಿಲ್ಲದೆ ಕ್ರಿಯಾಪದದ ಪಕ್ಕದಲ್ಲಿ ಇಡಬಾರದು. ‘ಬಾಚಿಯಿಂದ ಕೆತ್ತಿದರು’, ‘ಬಾಚಿಯನ್ನು ಬೀಸಿದರು’, ‘ಬಾಚಿಗೆ ಕಾವು ಹಾಕಿಸಿದರು’ ಎಂದು ಬರೆದರೆ ಗೊಂದಲಕ್ಕೆ ಎಡೆಯಿಲ್ಲ. ಸಮಾಸದಲ್ಲಿ ‘ಬಾಚಿಗೆಲಸ’ ಎನ್ನಬಹುದು. ಕಾಯಕದೊಂದಿಗೆ ಬಂದ ‘ಬಾಚಿಕಾಯಕ’ವನ್ನು ಮೇಲೆ ನೋಡಿಯೇ ಇದ್ದೇವೆ.

ಬಾಚಿಹಲ್ಲಿನ ವಿಷಯ ನನಗೆ ಬಹಳ ಪ್ರಿಯವಾದದ್ದು. ನಮ್ಮ ಬಾಯಿಯ ಮುಂಭಾಗದಲ್ಲಿ ಮೇಲೆ ನಾಲ್ಕು, ಕೆಳಗೆ ನಾಲ್ಕು, ಒಟ್ಟು 8 ಬಾಚಿಹಲ್ಲುಗಳಿವೆ. ಕೋರೆಹಲ್ಲು ಮೊನೆಯಾಗಿದೆ, ದವಡೆಹಲ್ಲು ಅರೆಯುವ ಕಲ್ಲಿನಂತೆ ಅಗಲವಾಗಿದೆ, ಬಾಚಿಹಲ್ಲಾದರೋ ತೆಳ್ಳಗೆ ಅಗಲವಾದ ಅಲಗಿನಂತೆ ಅಡ್ಡ ಬಾಯಿಯಿಟ್ಟುಕೊಂಡು ನಿಂತಿದೆ. ಆಕಾರವೂ ಕೆಲಸವೂ ಬಡಗಿಯ ಬಾಚಿಗೆ ಹೊಂದುವುದರಿಂದ ಹಲ್ಲಿಗೆ ಆ ಹೆಸರು ಹತ್ಯಾರಿನಿಂದಲೇ ಬಂದಿತೆಂದು ನಾನು ತಿಳಿದಿದ್ದೇನೆ. ಹಲ್ಲಿನಿಂದ ಬಾಚುವುದಿಲ್ಲ, ಕಚ್ಚಿ ಕತ್ತರಿಸುತ್ತೇವೆ.

ಇಲಿ, ಅಳಿಲುಗಳ ಬಾಚಿಹಲ್ಲನ್ನು ನೋಡಿದರೆ ಈ ಹೋಲಿಕೆ ಇನ್ನೂ ಗಟ್ಟಿಯಾಗುತ್ತದೆ. ಅವುಗಳ ಬಾಚಿಹಲ್ಲಿನ ಮುಂಭಾಗದಲ್ಲಿ ಮಾತ್ರ ಗಟ್ಟಿಯಾದ ಎನಾಮಲ್ ಇದ್ದು, ಹಿಂಭಾಗದ ಮೆದು ಪದರ ಕಡಿಯುವಾಗ ಬೇಗ ಸವೆಯುತ್ತದೆ. ಮುಂದಿನದು ನಿಂತು ಹಿಂದಿನದು ಸವೆಯುವುದರಿಂದ ಹಲ್ಲಿಗೆ ಒಳಮಗ್ಗುಲಿನ ಓರೆ ತಾನಾಗಿಯೇ ಬಂದು, ಹಲ್ಲು ಬೆಳೆಯುತ್ತ ಹೋದಂತೆ ಸದಾ ಹರಿತವಾಗಿರುತ್ತದೆ. ಬೋಧಕರು ಹೇಳಿದ ಒಳಮಗ್ಗುಲಿನ ಓರೆಯನ್ನು ಓದುತ್ತಿದ್ದಾಗ ನನಗೆ ಅಳಿಲಿನ ಹಲ್ಲೇ ನೆನಪಾಯಿತು. ಮಕ್ಕಳಿಗೆ ಬಾಚಿಯನ್ನು ತೋರಿಸುವಾಗ ಈ ಮಾತನ್ನು ಹೇಳಿ, ಅವರು ಹತ್ಯಾರನ್ನೂ ಮರೆಯುವುದಿಲ್ಲ, ಹಲ್ಲನ್ನೂ ಮರೆಯುವುದಿಲ್ಲ.

ಉತ್ತರ (ಉತ್ತರ ಕನ್ನಡದ ಕರಾವಳಿಯವರು)

ಚಪ್ಪಟೆ ಅಲಗಿನ ಬಾಚಿಯೊಂದನ್ನೇ ಬಾಚಿ ಎಂದು ಮಕ್ಕಳು ತಿಳಿಯದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಒಂದೇ ಮರದ ದಿಮ್ಮಿಯನ್ನು ಒಳಗೆ ತೋಡಿ ಮಾಡುವ ಪಾತಿ ದೋಣಿಗಳಿದ್ದವು. ಮಾವಿನಂತಹ ದಪ್ಪ ಮರದ ಒಳಭಾಗವನ್ನು ತೋಡಲು ಚಪ್ಪಟೆ ಅಲಗು ನಡೆಯುವುದಿಲ್ಲ, ಎರಡೂ ಮೂಲೆಗಳು ಮರಕ್ಕೆ ಕಚ್ಚಿಕೊಳ್ಳುತ್ತವೆ. ಅದಕ್ಕೆ ಬಾಯಿ ಸೌಟಿನ ಅಂಚಿನಂತೆ ಬಾಗಿರುವ ಬಾಚಿ ಬೇಕು. ಮರದ ಮರಿಗೆಯನ್ನು ತೋಡುವುದಕ್ಕೂ ಅಂತಹದೇ ಒದಗುತ್ತದೆ. ದೋಣಿಯ ಗೋಡೆ ಎಲ್ಲಿ ಎಷ್ಟು ದಪ್ಪ ಉಳಿದಿದೆಯೆಂದು ಹೊರಗಿನಿಂದ ಬೆರಳಿನಲ್ಲಿ ತಟ್ಟಿ, ಸದ್ದು ಕೇಳಿ, ಒಳಗಿನಿಂದ ಇನ್ನೊಂದು ಚಕ್ಕೆ ತೆಗೆಯಬೇಕೋ ಬೇಡವೋ ಎಂದು ನಿರ್ಧರಿಸುವ ಹಿರಿಯರನ್ನು ನಾನು ಬಾಲ್ಯದಲ್ಲಿ ಗಂಟೆಗಟ್ಟಲೆ ನೋಡುತ್ತ ಕುಳಿತಿದ್ದೇನೆ. ಯಂತ್ರದ ಗರಗಸ ಬಂದ ಮೇಲೂ ಬಾಗಿದ ಒಳಮೈಗೆ ಅವರು ಬಾಚಿಯನ್ನೇ ತೆಗೆದುಕೊಳ್ಳುತ್ತಿದ್ದರು.

ಬೆಂಗಳೂರಿನಲ್ಲಿ ನನ್ನ ಮಗನ ಮನೆಯ ಕೆಲಸ ನಡೆದಾಗ ರಾಜಸ್ಥಾನದಿಂದ ಬಂದ ಬಡಗಿಗಳು ತಮ್ಮ ಹತ್ಯಾರನ್ನು ಬಸೂಲಾ ಎಂದು ಕರೆಯುತ್ತಿದ್ದರು. ಕೈಗೆ ತೆಗೆದುಕೊಂಡು ನೋಡಿದರೆ ನಮ್ಮ ಬಾಚಿಯೇ. ಪ್ಲೈವುಡ್ಡಿನ ಕೆಲಸದಲ್ಲಿ ಅದರ ಬಾಯಿಗೆ ಹೆಚ್ಚು ಕೆಲಸವಿರಲಿಲ್ಲ, ಹಿಂಬದಿಯಿಂದ ಮೊಳೆ ಹೊಡೆಯಲಷ್ಟೇ ಬಳಸುತ್ತಿದ್ದರು. ನನ್ನ ಅಳಿಯನ ಮನೆಯವರು ತೆಲುಗರು, ಅವರಲ್ಲಿ ಅದಕ್ಕೆ ಬಾಡಿಸ ಎಂಬ ಹೆಸರಿದೆ.

ಉತ್ತರ (ಬಳ್ಳಾರಿಯ ಇತಿಹಾಸ ಉಪನ್ಯಾಸಕ)

ಚರ್ಚೆಗೆ ಒಂದು ಸಣ್ಣ ಸೇರ್ಪಡೆ. ಕಬ್ಬಿಣ ಬರುವುದಕ್ಕೆ ಬಹಳ ಹಿಂದೆಯೇ, ನವಶಿಲಾಯುಗದ ಜನ ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿ ಮತ್ತು ಬಾಚಿಗಳನ್ನು ಬಳಸುತ್ತಿದ್ದರು. ನಮ್ಮ ಬಳ್ಳಾರಿಯ ಹತ್ತಿರದ ಸಂಗನಕಲ್ಲು, ಚಿತ್ರದುರ್ಗ ಜಿಲ್ಲೆಯಲ್ಲಿ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದ ಬ್ರಹ್ಮಗಿರಿ ಇವು ಅಂತಹ ನುಣುಪು ಕಲ್ಲಾಯುಧಗಳಿಗೆ ಹೆಸರಾದ ನೆಲೆಗಳು. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಡಾಲರೈಟ್ ಎಂಬ ಗಟ್ಟಿ ಕಪ್ಪು ಕಲ್ಲಿನಿಂದ ಕೊಡಲಿಗಳನ್ನು ಮಾಡುತ್ತಿದ್ದ ಕಾರ್ಯಾಗಾರವೇ ಇತ್ತು.

ಕಾವು ಕೊಳೆತುಹೋಗಿ ಕಲ್ಲು ಮಾತ್ರ ಉಳಿದಿರುವಾಗ ಅದು ಕೊಡಲಿಯೋ ಬಾಚಿಯೋ ಎಂದು ಹೇಗೆ ಹೇಳುವುದು? ಪುರಾತತ್ತ್ವಜ್ಞರು ನೋಡುವುದು ಬೋಧಕರು ಮೇಲೆ ಹೇಳಿದ ಗುರುತನ್ನೇ. ಕಲ್ಲನ್ನು ಮಗ್ಗುಲಿನಿಂದ ನೋಡಿದಾಗ ಬಾಯಿ ಎರಡೂ ಕಡೆ ಸಮನಾಗಿ ಇಳಿದಿದ್ದರೆ ಕೊಡಲಿ ಎನ್ನುತ್ತಾರೆ, ಒಂದು ಮೈ ಚಪ್ಪಟೆಯಾಗಿದ್ದು ಇನ್ನೊಂದು ಮೈಯಲ್ಲಿ ಮಾತ್ರ ಓರೆಯಿದ್ದರೆ ಬಾಚಿ ಎನ್ನುತ್ತಾರೆ. ಆದುದರಿಂದ ಬಾಚಿಯನ್ನು ಕೊಡಲಿಯ ಒಂದು ಬಗೆ ಎನ್ನುವುದು ಇತಿಹಾಸದ ದೃಷ್ಟಿಯಿಂದಲೂ ಒಪ್ಪತಕ್ಕದ್ದಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರ ಉತ್ತರಗಳನ್ನು ಆಧರಿಸಿ ಚೀಟಿಯನ್ನು ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಬೇಕು:

“ಬಾಚಿ. ಮರದ ಮೈಯನ್ನು ಕೆತ್ತಿ ಸಮ ಮಾಡುವ ಬಡಗಿಯ ಹತ್ಯಾರು. ಇದರ ಬಾಯಿ ಗುದ್ದಲಿಯಂತೆ ಕಾವಿಗೆ ಅಡ್ಡವಾಗಿದೆ, ಕೊಡಲಿಯದು ಕಾವಿನ ನೇರಕ್ಕಿದೆ. ಪಕ್ಕದಲ್ಲಿಟ್ಟಿರುವ ಕೊಡಲಿಯೊಂದಿಗೆ ಹೋಲಿಸಿ ನೋಡಿರಿ. ಒಳಮಗ್ಗುಲಿನಿಂದ ಮಾತ್ರ ಮಸೆಯುತ್ತಾರೆ. ಹಿಂಬದಿಯಿಂದ ಮೊಳೆ ಹೊಡೆಯುತ್ತಾರೆ. ನಮ್ಮ ಬಾಚಿಹಲ್ಲು ಈ ಹತ್ಯಾರಿನ ಆಕಾರದಲ್ಲಿದೆ.”

ಕೊನೆಯದಾಗಿ ಒಂದು ಸಲಹೆ ಬೇಕಾಗಿದೆ. ಅಲಗಿಗೆ ತುಕ್ಕು ಹಿಡಿದಿದೆ, ಕಾವು ಒಣಗಿ ಸಣ್ಣ ಬಿರುಕು ಬಿಟ್ಟಿದೆ. ಕಾವನ್ನು ಬದಲಾಯಿಸಿ ಹೊಸದು ಹಾಕಿಸಿ, ವಾರ್ನಿಷ್ ಬಳಿದು ಇಡೋಣವೆಂದು ಶಾಲೆಯವರು ಹೇಳುತ್ತಿದ್ದಾರೆ.

ಉತ್ತರ (ನಿವೃತ್ತ ಮರಗೆಲಸ ಬೋಧಕ)

ಚೀಟಿ ಸರಿಯಾಗಿದೆ. ಉಪನ್ಯಾಸಕರ ಮಾತಿನಂತೆ ಕೊಡಲಿಯನ್ನು ಮಗ್ಗುಲು ಕಾಣುವಂತೆ ಇಟ್ಟರೆ ಓರೆಯ ವ್ಯತ್ಯಾಸವೂ ಮಕ್ಕಳ ಕಣ್ಣಿಗೆ ಬೀಳುತ್ತದೆ.

ಕಾವನ್ನು ದಯವಿಟ್ಟು ಬದಲಾಯಿಸಬೇಡಿ. ಕೆಲಸಕ್ಕೆ ಬಳಸುವ ಬಾಚಿಯಾಗಿದ್ದರೆ ಬಿರುಕು ಬಿಟ್ಟ ಕಾವನ್ನು ಆ ದಿನವೇ ತೆಗೆದುಹಾಕಿ, ತಡಸಲು ಅಥವಾ ದಿಂಡಿಗದಂತಹ ಪೆಟ್ಟು ತಾಳುವ ಮರದ ಕಾವು ಹಾಕಿಸಿ ಎನ್ನುತ್ತಿದ್ದೆ. ಇದು ನೋಡುವುದಕ್ಕೆ ಇಡುವ ಬಾಚಿ, ಮತ್ತು ಎಡಗೈಯ ಆ ತಗ್ಗು ಹೊಸ ಕಾವಿನಲ್ಲಿ ಸಿಗುವಂತಹದಲ್ಲ. ವಾರ್ನಿಷ್ ಬಳಿದರೆ ಆ ಗುರುತಿನ ಮೇಲೆ ಹೊಳಪಿನ ಪೊರೆ ಕೂತುಬಿಡುತ್ತದೆ. ಅದರ ಬದಲು ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ಸವರಿ, ಸ್ವಲ್ಪ ಹೊತ್ತಿನ ನಂತರ ಹೆಚ್ಚಾದದ್ದನ್ನು ಒರೆಸಿ, ಒಣಗಲು ಬಿಡಿ. ಕೆಲವು ದಿನಗಳ ಅಂತರದಲ್ಲಿ ಎರಡು ಮೂರು ಬಾರಿ ಹೀಗೆ ಮಾಡಿದರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಅದನ್ನು ನೀರಿನಲ್ಲಿ ನೆನೆಸಿ, ಆಮೇಲೆ ಬಯಲಿನಲ್ಲಿ ಹರಡಿ ಒಣಗಿಸಿ.

ಅಲಗಿನ ತುಕ್ಕನ್ನು ಎಣ್ಣೆ ಹಚ್ಚಿ ನಯವಾದ ಉಪ್ಪುಕಾಗದದಿಂದ ಮೆಲ್ಲನೆ ತೆಗೆಯಿರಿ, ಸಾಣೆಯಂತ್ರಕ್ಕೆ ಕೊಡಬೇಡಿ. ಮಕ್ಕಳು ಮುಟ್ಟುವ ಜಾಗದಲ್ಲಿ ಇಡುವುದಾದರೆ ಬಾಯಿಗೆ ತೊಗಲಿನ ಚೀಲವೊಂದನ್ನು ಹೊಲಿಸಿ ಹಾಕಿ, ಓರೆಯನ್ನು ತೋರಿಸುವಾಗ ಮಾತ್ರ ಶಿಕ್ಷಕರು ಅದನ್ನು ತೆಗೆಯಲಿ.